ಭಾನುವಾರ ಕೊಂಡ ಹುಡುಗಿ

ಕೇಪ್ ಕೋಸ್ಟ್
3 ಜೂನ್ 1999

ಪ್ರೀತಿಯ ಅಮ್ಮ,

ಹೋದ ವಾರ ಕಳಿಸಿದ ಹೊಗೆಮೀನು ತಲುಪಿತೇ? ಡ್ರೈವರ್ ಗ್ರಾಂಟ್ ದಾರಿಯಲ್ಲೇ ಎರಡನ್ನು ಮುಗಿಸಿರುತ್ತಾನೆ, ನನಗೆ ಗೊತ್ತು. ಕೇಳಿದರೆ ಬೆಕ್ಕಿನ ಮೇಲೆ ಹಾಕುತ್ತಾನೆ.

ಈ ತಿಂಗಳು ಕೋಟೆಯ ಗೈಡ್ ಕೆಲಸದಲ್ಲಿ ಉಸಿರಾಡಲೂ ಪುರುಸೊತ್ತಿಲ್ಲ. ದಿನಕ್ಕೆ ನಾಲ್ಕು ಗುಂಪು, ಅಮೆರಿಕದಿಂದ, ಜಮೈಕಾದಿಂದ. ಇಲ್ಲಿಂದ ಗುಲಾಮರಾಗಿ ಹಡಗು ಹತ್ತಿದವರ ಮೊಮ್ಮಕ್ಕಳ ಮೊಮ್ಮಕ್ಕಳು. ಅವರನ್ನು ನೆಲಮಾಳಿಗೆಗೆ ಇಳಿಸುತ್ತೇನೆ, ಒಂದು ನಿಮಿಷ ದೀಪ ಆರಿಸಿ ಸುಮ್ಮನೆ ನಿಲ್ಲುತ್ತೇನೆ, ಆಮೇಲೆ ಸಮುದ್ರದ ಕಡೆಯ ಬಾಗಿಲು ತೆಗೆಯುತ್ತೇನೆ. ಅಷ್ಟರಲ್ಲಿ ಅರ್ಧ ಜನ ಅಳುತ್ತಿರುತ್ತಾರೆ. ಹನ್ನೊಂದು ವರ್ಷದಿಂದ ಅದೇ ಮಾತು ಹೇಳಿ ಹೇಳಿ ಈಗ ಬಾಯಿ ತಾನಾಗಿ ಆಡುತ್ತದೆ. ನಾನು ಒಳಗೊಳಗೇ ಸಾರಿಗೆ ಏನು ಹಾಕಲಿ ಎಂದು ಯೋಚಿಸುತ್ತಿರುತ್ತೇನೆ. ಪಾಪವೇನೋ.

ಮೊನ್ನೆ ಬಂದ ಒಬ್ಬ ಹೆಂಗಸು ಮಾತ್ರ ಅಳಲಿಲ್ಲ. ವರ್ನೀಸ್ ಅಂತ ಹೆಸರು, ಅಮೆರಿಕದಲ್ಲಿ ನರ್ಸ್ ಆಗಿ ನಿವೃತ್ತಳಾದವಳು. ಎಲ್ಲರೂ ಬಸ್ಸಿನ ಕಡೆ ಹೊರಟ ಮೇಲೆ ನನ್ನ ಕೈ ಹಿಡಿದು, "ನೀನು ಕಲ್ಲು ತೋರಿಸಿದೆ. ಜನ ಕೂತು ಉಣ್ಣೋ ಒಂದು ಮನೆ ತೋರಿಸ್ತೀಯಾ?" ಅಂದಳು. ನನಗೆ ಇಲ್ಲ ಎನ್ನಲಾಗಲಿಲ್ಲ. ಮುಂದಿನ ಶನಿವಾರ ಅವಳನ್ನು ಊರಿಗೆ ಕರೆತರುತ್ತೇನೆ. ಬೊಟ್ವೆ ಮಾವ ಮನೆತನದ ಯಜಮಾನರಾಗಿ ಅಂಗಳದಲ್ಲಿ ಕೂತು ನಾಲ್ಕು ಹಳೆಯ ಕಥೆ ಹೇಳಲಿ. ನಿನ್ನ ತಾಳೆಹಣ್ಣಿನ ಸಾರು, ಫುಫು ಮುದ್ದೆ ಇದ್ದರೆ ಸಾಕು.

ನಿನ್ನ
ಎಕುವಾ

*

ಎಸಾಕ್ರೊಂ
8 ಜೂನ್ 1999

ಮಗಳು ಎಕುವಾಗೆ,

ಮೀನು ಬಂತು. ಐದು ಇತ್ತು.

ಆ ಹೆಂಗಸನ್ನು ಕರೆತರಬೇಡ. ಬೊಟ್ವೆ ಅಣ್ಣನಿಗೆ ಕೆಮ್ಮು. ಅಂಗಳದ ಗೋಡೆ ಒಂದು ಕಡೆ ಕುಸಿದಿದೆ. ತಂಗಿ ಮೆನ್ಸಿಮಾ ಮತ್ತು ಅವಳ ಮಗ ಫೀಫಿ ಬಂದು ಠಿಕಾಣಿ ಹೂಡಿದ್ದಾರೆ. ಅಣ್ಣನ ನಂತರ ಯಜಮಾನಿಕೆ ಸೋದರಳಿಯರಲ್ಲಿ ನಿನ್ನಣ್ಣ ಎಬೊನಿಗೋ ಫೀಫಿಗೋ ಎಂಬ ಮಾತು ನಡೆದಿದೆ. ಅಣ್ಣನ ಮನಸ್ಸು ಎಬೊನ ಕಡೆಗೇ ಇದೆ. ಇಂಥ ಹೊತ್ತಿನಲ್ಲಿ ಹೊರಗಿನವರು ಬೇಡ.

ಕರೆತರಲೇಬೇಕು ಎಂದಾದರೆ ಚರ್ಚು ತೋರಿಸು. ಶಾಲೆ ತೋರಿಸು. ಎಬೊ ಹೆಡ್‌ಮಾಸ್ಟರು, ಇಂಗ್ಲಿಷಿನಲ್ಲಿ ಚೆನ್ನಾಗಿ ಮಾತಾಡುತ್ತಾನೆ. ಊಟ ಹಾಕಿ ಕಳಿಸೋಣ. ಹಳೆಯ ಕಥೆ ಮಾತ್ರ ಯಾರೂ ಕೇಳುವುದು ಬೇಡ.

ನಮ್ಮ ಮನೆಯಲ್ಲಿ ಹಳೆಯ ಕಥೆ ಇಲ್ಲ.

ನಿನ್ನ ಅಮ್ಮ

*

ಕೇಪ್ ಕೋಸ್ಟ್
15 ಜೂನ್ 1999

ಅಮ್ಮ,

ಮೂರು ದಿನವಾಯಿತು, ನನಗೆ ಊಟ ಸೇರುತ್ತಿಲ್ಲ. ಶನಿವಾರ ಅಂಗಳದಲ್ಲಿ ಏನಾಯಿತು? ನಾನು ಏನು ಮಾಡಿದೆ? ನನಗೆ ಕಂಡದ್ದನ್ನು ಕಂಡಂತೆ ಬರೆಯುತ್ತೇನೆ, ಎಲ್ಲಿ ತಪ್ಪಿದೆ ಎಂದು ನೀನೇ ಹೇಳು.

ಊಟ ಬಡಿಸುವ ತನಕ ಎಲ್ಲ ಚೆನ್ನಾಗಿತ್ತು. ವರ್ನೀಸ್ ಕೈಯಲ್ಲೇ ಉಂಡಳು, ಖಾರಕ್ಕೆ ಕಣ್ಣೀರು ಬಂದು ನಾವೆಲ್ಲ ನಕ್ಕೆವು. ಬೊಟ್ವೆ ಮಾವ ಅವಳಿಗೆ ತಮ್ಮ ಕುರ್ಚಿಯನ್ನೇ ಬಿಟ್ಟುಕೊಟ್ಟರು. ಆಮೇಲೆ ಅವಳು ನನಗೆ ಇಂಗ್ಲಿಷಿನಲ್ಲಿ, "ಒಂದು ಮಾತು ಕೇಳು ಅವರನ್ನ. ಈ ಕಡೆಯಿಂದ ಗುಲಾಮರಾಗಿ ಹೋದವರ ಕಥೆ ನನಗೆ ಗೊತ್ತು. ಈ ಮನೆಯವರು ಯಾರನ್ನಾದರೂ ಕೊಂಡು ಇಲ್ಲೇ ಇಟ್ಟುಕೊಂಡಿದ್ದರಾ?" ಎಂದಳು.

ನಾನು ಯೋಚಿಸಲಿಲ್ಲ. ದಿನವಿಡೀ ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ಹೇಳುವವಳು. ಕಿವಿಗೆ ಬಿದ್ದದ್ದು ಬಾಯಿಂದ ಬಂತು. ನಮ್ಮ ಫಾಂಟೆ ಭಾಷೆಯಲ್ಲಿ, ನಮ್ಮ ಅಂಗಳದ ನಡುವೆ ನಿಂತು, ಎಲ್ಲರಿಗೂ ಕೇಳುವ ಹಾಗೆ ಕೇಳಿಬಿಟ್ಟೆ.

ಮಾವನ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು. ಮೆನ್ಸಿಮಾ ಚಿಕ್ಕಮ್ಮ ಮಾತ್ರ ಮುದ್ದೆ ಮುರಿಯುತ್ತಾ ನಕ್ಕಳು. "ಅಲ್ವೇ ಎಕುವಾ, ಇದನ್ನ ಕೇಳೋಕೆ ಅಷ್ಟು ದೂರದಿಂದ ಇವರನ್ನ ಕರ್ಕೊಂಡು ಬರಬೇಕಿತ್ತಾ? ನಿಮ್ಮಮ್ಮನ್ನೇ ಕೇಳಿದ್ರೆ ಆಗ್ತಿತ್ತಲ್ಲ."

"ಮೆನ್ಸಿಮಾ! ನಾಲಿಗೆ ಹಿಡಿ!" ಎಂದು ಮಾವ ಕೂಗಿದರು. ಅವರು ಕೂಗಿದ್ದನ್ನು ನಾನು ಜೀವಮಾನದಲ್ಲಿ ಕೇಳಿರಲಿಲ್ಲ.

"ನಾನೇನಂದೆ ಈಗ? ಕೇಳಿದ್ರು, ಹೇಳ್ದೆ."

ನೀನು ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ವರ್ನೀಸ್, "ಅವರು ಏನಂದರು?" ಎಂದು ಕೇಳಿದಳು. "ಸಾರು ಆರಿ ಹೋಗ್ತಿದೆ ಅಂದರು" ಎಂದೆ. ನಾವು ಹೊರಡುವಾಗಲೂ ನೀನು ಬಾಗಿಲು ತೆಗೆಯಲಿಲ್ಲ. ನಾನು ಎಷ್ಟು ಬಡಿದೆ.

ಅಮ್ಮ, ಮೆನ್ಸಿಮಾ ಚಿಕ್ಕಮ್ಮ ಹೇಳಿದ್ದರ ಅರ್ಥವೇನು?

ಎಕುವಾ

*

ಕೇಪ್ ಕೋಸ್ಟ್
10 ಜುಲೈ 1999

ಅಮ್ಮ,

ಇದು ನಾಲ್ಕನೆಯ ಪತ್ರ. ಗ್ರಾಂಟ್‌ನನ್ನು ಕೇಳಿದರೆ, "ಕೈಗೇ ಕೊಟ್ಟೆ ತಾಯಿ, ತಗೊಂಡ್ರು, ಏನೂ ಅನ್ನಲಿಲ್ಲ" ಎನ್ನುತ್ತಾನೆ. ಬೈದಾದರೂ ಬರೆ. ಖಾಲಿ ಕಾಗದವನ್ನಾದರೂ ಮಡಿಸಿ ಕಳಿಸು.

ನೀನು ಬೇಡವೆಂದರೂ ಕರೆತಂದೆ. ತಪ್ಪಾಯಿತು. ಕಾಲಿಗೆ ಬೀಳುತ್ತೇನೆ, ಬರೆ.

ಎಕುವಾ

*

ಎಸಾಕ್ರೊಂ
21 ಜುಲೈ 1999

ಎಕುವಾ,

ಅಮ್ಮನನ್ನು ಪೀಡಿಸುವುದು ನಿಲ್ಲಿಸು. ನಿನ್ನ ಪತ್ರಗಳು ಅವಳ ದಿಂಬಿನ ಕೆಳಗಿವೆ, ಒಂದನ್ನೂ ಒಡೆದಿಲ್ಲ.

ನಿನಗೆ ನಿಜವಾಗಿ ಅರ್ಥವಾಗಲಿಲ್ಲವೋ, ಅರ್ಥವಾಗದವಳಂತೆ ಇದ್ದೀಯೋ? ನಾನೂ ನಿನ್ನ ಹಾಗೆ ಏನೂ ತಿಳಿಯದವನೇ ಆಗಿದ್ದೆ. ಈಗ ಎಸಾಕ್ರೊಮ್‌ನ ಕೋಳಿಗೂ ತಿಳಿದಿದೆ. ಒಬ್ಬರ ಮೂಲ ಎತ್ತಿ ಆಡಿದ ತಪ್ಪಿಗೆ ಹಿರಿಯರು ಮೆನ್ಸಿಮಾಗೆ ಒಂದು ಕುರಿ ದಂಡ ಹಾಕಿದರು. ಅವಳು ನಗುತ್ತಲೇ ಕುರಿ ತಂದು ಕಟ್ಟಿದಳು. ಕುರಿಯನ್ನು ಕೊಯ್ದು ಎಲ್ಲರೂ ಉಂಡರು. ಆಡಿದ ಮಾತು ಮಾತ್ರ ಹಾಗೇ ಉಳಿಯಿತು.

ಹೋದ ಗುರುವಾರ ನಮ್ಮ ಮನೆಯ ಮುದುಕಿ ಅಮ್ಮಿಸಾ ತೀರಿಕೊಂಡಳು. ಹೆಣಕ್ಕೆ ಬಟ್ಟೆ ಸುತ್ತಲು ಎಂದಿನಂತೆ ಅಮ್ಮ ಮುಂದೆ ಹೋದಳು. ನಲವತ್ತು ವರ್ಷದಿಂದ ಈ ಮನೆಯ ಪ್ರತಿ ಹೆಣಕ್ಕೂ ಬಟ್ಟೆ ಸುತ್ತಿದವಳು ಅವಳು. ಮೆನ್ಸಿಮಾ ಅವಳ ಕೈಯಿಂದ ಬಟ್ಟೆ ತೆಗೆದುಕೊಂಡು ಮೆಲ್ಲಗೆ, ಎಷ್ಟು ಮೆಲ್ಲಗೆ ಎಂದರೆ ಮೂಲೆಯಲ್ಲಿದ್ದ ನನಗೂ ಕೇಳುವಷ್ಟು ಮೆಲ್ಲಗೆ, "ಬಿಡಕ್ಕ, ಮನೆಯವರು ಮಾಡ್ತೀವಿ" ಎಂದಳು. ಅಮ್ಮ ಎರಡೂ ಕೈ ಹಾಗೇ ಚಾಚಿಕೊಂಡು ನಿಂತಿದ್ದಳು, ಎಕುವಾ. ಯಾರೂ ಏನೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ. ಅದನ್ನೂ ಬರೆದುಕೋ.

ಈಗ ಅವಳು ಎಲ್ಲರ ಜೊತೆ ಉಣ್ಣುವುದಿಲ್ಲ. ಬೊಟ್ವೆ ಮಾವ ಹಾಸಿಗೆ ಹಿಡಿದಿದ್ದಾರೆ. ಯಜಮಾನಿಕೆ ಫೀಫಿಗೆ ಎಂದು ಬಹುತೇಕ ತೀರ್ಮಾನವಾಗಿದೆ. ಶಾಲೆಯಲ್ಲಿ ನನ್ನ ಕೈಕೆಳಗಿನ ಮೇಷ್ಟರುಗಳು ನನ್ನನ್ನು ನೋಡಿ ಮಾತು ಬದಲಿಸುತ್ತಾರೆ.

ಹನ್ನೊಂದು ವರ್ಷ ಪರದೇಶದವರನ್ನು ಅಳಿಸಿ ಹೊಟ್ಟೆ ಹೊರೆದೆ. ಸಾಲದೆಂದು ಅದನ್ನು ನಮ್ಮ ಅಂಗಳಕ್ಕೂ ತಂದೆ.

ಎಬೊ

*

ಎಸಾಕ್ರೊಂ
2 ಆಗಸ್ಟ್ 1999

ಮಗಳು ಎಕುವಾಗೆ,

ನಿನ್ನ ಪತ್ರಗಳನ್ನು ಈ ದಿನ ಒಡೆದೆ. ಎಲ್ಲದರಲ್ಲೂ ಒಂದೇ ಪ್ರಶ್ನೆ ಇದೆ. ಉತ್ತರವನ್ನು ಬಾಯಲ್ಲಿ ಹೇಳಲು ನನ್ನಿಂದ ಆಗದು. ಬರೆಯುತ್ತೇನೆ. ಓದಿ ಸುಟ್ಟುಬಿಡು.

ನನ್ನ ಅಜ್ಜಿಯ ಹೆಸರು ಎಸಿ. ಎಸಿ ಎಂದರೆ ಭಾನುವಾರ ಹುಟ್ಟಿದವಳು. ಅವಳು ಯಾವ ವಾರ ಹುಟ್ಟಿದಳೋ ಯಾರಿಗೂ ಗೊತ್ತಿಲ್ಲ. ಭಾನುವಾರ ಕೊಂಡದ್ದು, ಅದಕ್ಕೆ ಎಸಿ. ಬಡಗಣ ಸಲಗಾ ಸಂತೆಯಿಂದ ವ್ಯಾಪಾರಿಗಳು ನಡೆಸಿಕೊಂಡು ಬಂದರಂತೆ. ಆಗ ಅವಳಿಗೆ ಎಂಟೋ ಒಂಬತ್ತೋ. ಮನುಷ್ಯರನ್ನು ಮಾರಬಾರದು ಎಂದು ಬಿಳಿಯರ ಕಾನೂನು ಬಂದು ಹತ್ತು ವರ್ಷವಾಗಿತ್ತಂತೆ. ಕಾನೂನು ನಿಮ್ಮ ಕರಾವಳಿಯಲ್ಲಿತ್ತು, ಎಸಾಕ್ರೊಮ್‌ಗೆ ಬಂದಿರಲಿಲ್ಲ. ಬೊಟ್ವೆ ಅಣ್ಣನ ಮುತ್ತಜ್ಜ ಕೊಂಡರು. ಹೊಡೆಯಲಿಲ್ಲ, ಉಪವಾಸ ಕೆಡವಲಿಲ್ಲ. ಮನೆಯ ಮಗುವಿನ ಹಾಗೆ ಇಟ್ಟುಕೊಂಡರು. ಮನೆಯ ಗಂಡಸೊಬ್ಬನಿಂದ ಅವಳಿಗೆ ನನ್ನ ತಾಯಿ ಹುಟ್ಟಿದಳು.

ನಮ್ಮಲ್ಲಿ ಕುಲ ಬರುವುದು ತಾಯಿಯಿಂದ. ಅಜ್ಜಿಗೆ ಕುಲವಿಲ್ಲ ಎಂದರೆ ನನ್ನ ತಾಯಿಗಿಲ್ಲ, ನನಗಿಲ್ಲ, ನಿನಗೂ ಎಬೊನಿಗೂ ಇಲ್ಲ. ಮನೆಯವರು ತಮ್ಮ ಕುಲದ ಹೆಸರು ಕೊಟ್ಟರು. ಯಾರೂ ಬಾಯಿ ಬಿಡದಿರುವ ತನಕ ಅದು ನಮ್ಮದೇ. ಎಪ್ಪತ್ತು ವರ್ಷ ನಾನು ಅದನ್ನು ಕಾದೆ. ಎಲ್ಲರಿಗಿಂತ ಮುಂಚೆ ಏಳುತ್ತಿದ್ದೆ. ಎಲ್ಲರ ಬಾಣಂತನ ಮಾಡಿದೆ, ಎಲ್ಲರ ಹೆಣ ತೊಳೆದೆ. ನಿನಗೆ ಅಮ್ಮ ಯಾಕೆ ಕೂರುವುದೇ ಇಲ್ಲ ಎಂದು ಸಿಟ್ಟು ಬರುತ್ತಿತ್ತು. ಕೂರುವ ಧೈರ್ಯ ನನಗಿರಲಿಲ್ಲ.

ಅಜ್ಜಿಯ ಎರಡೂ ಕೆನ್ನೆಯ ಮೇಲೆ ಗೆರೆ ಕೊಯ್ದಿದ್ದರು. ಮೂರು ಉದ್ದ, ಮೂಗಿನ ಹತ್ತಿರ ಒಂದು ಅಡ್ಡ. ಅವಳ ಊರಿನ ಗುರುತು. ನಾನು ಮಗುವಾಗಿದ್ದಾಗ ಆ ಗೆರೆಗಳ ಮೇಲೆ ಬೆರಳು ಆಡಿಸುತ್ತಾ ಮಲಗುತ್ತಿದ್ದೆ. ಅವಳ ಭಾಷೆಯ ಒಂದು ಮಾತೂ ಅವಳಿಗೆ ನೆನಪಿರಲಿಲ್ಲ. ಊರಿನ ಹೆಸರನ್ನೂ ಮರೆತಿದ್ದಳು. ಕೇಳಿದರೆ, "ನನ್ನ ಮುಖ ನೋಡಿದ್ರೆ ನಮ್ಮೂರಿನೋರಿಗೆ ಗೊತ್ತಾಗತ್ತೆ" ಎನ್ನುತ್ತಿದ್ದಳು.

ನಿನ್ನ ಮೇಲೆ ನನಗೆ ಕೋಪವಿಲ್ಲ. ಆ ಹೆಂಗಸಿನ ಮೇಲೂ ಇಲ್ಲ. ಅವಳಿಗೆ ಬಂದು ನಿಂತು ಅಳಲು ನಿನ್ನ ಕೋಟೆ ಇದೆ. ಹಡಗು ಹತ್ತದೆ ಇಲ್ಲೇ ಉಳಿದವರಿಗೆ ಏನಿದೆ? ನೀನು ಓದಿದವಳು, ಗೊತ್ತಿದ್ದರೆ ಹೇಳು.

ಇಲ್ಲಿಂದ ಸಲಗಾ ಎಷ್ಟು ದೂರ?

ನಿನ್ನ ಅಮ್ಮ

*

ಎಸಾಕ್ರೊಂ
19 ಆಗಸ್ಟ್ 1999

ಎಕುವಾ,

ಅಮ್ಮ ನಿನ್ನ ಹತ್ತಿರ ಇದ್ದಾಳೆಯೇ? ಇದ್ದರೆ ಈ ಡ್ರೈವರ್ ಕೈಯಲ್ಲೇ ಒಂದು ಗೆರೆ ಬರೆದು ಕಳಿಸು.

ಸೋಮವಾರ ಮುಂಜಾನೆ ಚರ್ಚಿಗೆ ಉಡುವ ಬಿಳಿ ಬಟ್ಟೆ, ಒಂದು ತಂಬಿಗೆ, ಒಂದು ಚೀಲ ತೆಗೆದುಕೊಂಡು ಹೋದಳಂತೆ. ತರಕಾರಿ ಲಾರಿಯವನು ಕುಮಾಸಿಯಲ್ಲಿ ಇಳಿಸಿದೆ ಎನ್ನುತ್ತಾನೆ. ಕುಮಾಸಿಯಲ್ಲಿ ನಮಗೆ ಯಾರಿದ್ದಾರೆ? ಎಪ್ಪತ್ತರ ಮುದುಕಿ. ಬಸ್ಸಿನಲ್ಲಿ ಒಬ್ಬಳೇ ಎಂದೂ ಕೂತವಳಲ್ಲ.

ನನ್ನ ಮಗಳ ನೋಟ್‌ಬುಕ್ಕಿನಿಂದ ನಡುವಿನ ಹಾಳೆ ಹರಿದುಕೊಂಡಿದ್ದಾಳೆ. ಏನನ್ನೋ ಬರೆದು ಅಳಿಸಿ ಬರೆದ ಗುರುತು ಕೆಳಗಿನ ಹಾಳೆಯಲ್ಲಿ ಮೂಡಿದೆ. ಅಕ್ಷರವಲ್ಲ. ಬರೀ ಗೆರೆಗಳು.

ಅವಳಿಗೆ ಏನಾದರೂ ಆದರೆ ನಾನು ನಿನ್ನನ್ನು ಬಿಡುವುದಿಲ್ಲ. ನನ್ನನ್ನೂ ಬಿಟ್ಟುಕೊಳ್ಳುವುದಿಲ್ಲ.

ಎಬೊ

*

ಸಲಗಾ
7 ಸೆಪ್ಟೆಂಬರ್ 1999

ಅಣ್ಣ,

ಸಿಕ್ಕಿದಳು. ಜೀವ ಇದೆ. ಮೊದಲು ಅದನ್ನು ಓದಿ ಉಸಿರು ಬಿಡು.

ಟಮಾಲೆಯಲ್ಲಿ ಎರಡು ದಿನ ಬಸ್ ನಿಲ್ದಾಣದಲ್ಲೇ ಹುಡುಕಿದೆ. ಸಲಗಾದಲ್ಲಿ ಇಳಿದು, ಕರಾವಳಿಯ ಮುದುಕಿಯೊಬ್ಬಳನ್ನು ಕಂಡಿರಾ ಎಂದು ಕೇಳಿದ್ದೇ ತಡ, ಗೆಣಸು ಮಾರುವವಳು, "ಗೆರೆ ಅಜ್ಜೀನಾ? ಸನಾತು ಮನೇಲಿದಾಳೆ, ಹೋಗು" ಎಂದಳು. ಸನಾತು ಶೀ ಎಂಬ ಮರದ ಕಾಯಿಯಿಂದ ಬೆಣ್ಣೆ ತೆಗೆದು ಮಾರುವ ವಿಧವೆ. ಅರೆಬರೆ ಟ್ವಿ ಮಾತಾಡುತ್ತಾಳೆ, ನಮ್ಮ ಭಾಷೆಗೆ ಹತ್ತಿರವಾದ್ದರಿಂದ ಅಮ್ಮನಿಗೆ ತಿಳಿಯುತ್ತದೆ. ಅಮ್ಮ ಇಲ್ಲಿಗೆ ಬಂದ ದಿನ ಸಂತೆಯ ಮರದ ಕೆಳಗೆ ಕೂತವಳು ಏಳದೆ ಇದ್ದಾಗ ಕೈಹಿಡಿದು ಮನೆಗೆ ಕರೆದೊಯ್ದವಳು ಇವಳೇ.

ಎರಡು ವಾರ ಅಮ್ಮ ದಿನಾ ಸಂತೆಯಲ್ಲಿ ಕೂತು, ಹೋಗಿ ಬರುವ ಮುದುಕರಿಗೆಲ್ಲ ಆ ಹಾಳೆ ತೋರಿಸಿದ್ದಾಳೆ. ಒಂದು ಮುಖ, ಕಣ್ಣಿಲ್ಲ, ಬಾಯಿಲ್ಲ, ಒಂದೊಂದು ಕೆನ್ನೆಯ ಮೇಲೂ ನಾಲ್ಕು ಗೆರೆ. ಒಬ್ಬರು ಮೊಸ್ಸಿ ಜನರ ಗುರುತು ಎಂದರು. ಇನ್ನೊಬ್ಬರು ಸಿಸಾಲ ಜನರದು ಎಂದರು. ಮತ್ತೊಬ್ಬರು, "ಇಂಥಾ ಗೆರೆ ಈಗ ಯಾರೂ ಕೊಯ್ಯಲ್ಲ ತಾಯಿ, ಯಾರದು ಅಂತ ಹೇಳೋಣ" ಎಂದರು.

ನಾನು ಬಂದ ಮಾರನೆಯ ದಿನ ಹಳೆಯ ಬಾವಿಗಳನ್ನು ನೋಡಬೇಕೆಂದಳು. ಮಾರುವ ಮುನ್ನ ಜನರನ್ನು ತೊಳೆಯುತ್ತಿದ್ದ ಬಾವಿಗಳು. ಇಸ್ಸಹಾಕು ಎಂಬ ಗೈಡ್ ನಮ್ಮನ್ನು ಕರೆದೊಯ್ದ. ಇಂಗ್ಲಿಷಿನಲ್ಲಿ ಹೇಳುತ್ತಾ ಹೋದ, ನಾನು ಅಮ್ಮನಿಗೆ ಫಾಂಟೆಯಲ್ಲಿ ಹೇಳುತ್ತಾ ಹೋದೆ. ಕೋಟೆಯಲ್ಲಿ ನಾನು ಎಲ್ಲಿ ಮಾತು ನಿಲ್ಲಿಸುತ್ತೇನೋ ಅವನೂ ಅಲ್ಲೇ ನಿಲ್ಲಿಸುತ್ತಾನೆ. ಬಾವಿಯ ಬಾಯಿಯ ಹತ್ತಿರ ಅವನೂ ಒಂದು ನಿಮಿಷ ಸುಮ್ಮನಾದ. ಅವನ ಮನೆಯಲ್ಲಿ ಸಂಜೆಗೆ ಏನು ಅಡುಗೆಯೋ ಎಂದುಕೊಂಡೆ. ನಾಚಿಕೆಯಾಗಿ ಸಾಯುವ ಹಾಗಾಯಿತು.

ಅಮ್ಮ ನನ್ನಿಂದ ಕೇಳಿಸಿದಳು, "ಇಲ್ಲಿ ಮಾರಿದ ಮಕ್ಕಳು ಈ ಊರಿನವರಾ?"

ಅವನು ಅವಳನ್ನು ನೋಡಿದ. "ಇಲ್ಲ ಅಜ್ಜಿ. ಇದು ಸಂತೆ. ಇಲ್ಲಿಗೆ ತಂದು ಮಾರಿದ್ರು ಅಷ್ಟೇ. ಇನ್ನೂ ಮೇಲಿಂದ ತರ್ತಿದ್ರು. ಒಂದು ತಿಂಗಳ ದಾರಿ, ಎರಡು ತಿಂಗಳ ದಾರಿ. ಎಲ್ಲಿಂದ ಅಂತ ಯಾರು ಬರೆದಿಟ್ಟಿದಾರೆ?"

ನಾನು ಅದನ್ನು ಹೇಳದೆ ನುಂಗಬೇಕೆಂದುಕೊಂಡೆ. ನುಂಗಲಿಲ್ಲ. ಅಮ್ಮ ಬಾವಿಯ ಅಂಚಿನಲ್ಲಿ ಕುಸಿದು ಕೂತಳು. ಆಮೇಲೆ, "ಹಾಗಾದರೆ ಇನ್ನೂ ಮೇಲೆ ಹೋಗೋಣ ಎಕುವಾ" ಎಂದಳು.

ಆ ದಿನದಿಂದ ಜ್ವರ. ಮಿಷನ್ ಆಸ್ಪತ್ರೆಯ ನರ್ಸ್ ದಿನಾ ಬಂದು ಸೂಜಿ ಹಾಕುತ್ತಾಳೆ, ನನ್ನ ಕಣ್ಣು ತಪ್ಪಿಸುತ್ತಾಳೆ. ಅಣ್ಣ, ಬಾ. ಬೈಯುವುದಿದ್ದರೆ ಬಂದು ಬೈ.

ಎಕುವಾ

*

ಎಸಾಕ್ರೊಂ
15 ಸೆಪ್ಟೆಂಬರ್ 1999

ತಂಗಿ ಎಕುವಾ,

ನಿನ್ನ ಪತ್ರ ಬಂದ ದಿನವೇ ಬೊಟ್ವೆ ಮಾವನ ಉಸಿರು ನಿಂತಿತು. ನಾನು ಈಗ ಹೊರಡುವ ಹಾಗಿಲ್ಲ. ಗಮನವಿಟ್ಟು ಓದು.

ಹಿರಿಯರು ನನ್ನನ್ನು ಕರೆದಿದ್ದರು. ಮನೆಯ ಹೆಂಗಸೊಬ್ಬಳು ಬಡಗಣ ಸಂತೆಯಲ್ಲಿ ಕೂತು ಹೋಗಿ ಬರುವವರನ್ನೆಲ್ಲ ತನ್ನ ಮೂಲ ಕೇಳುತ್ತಿದ್ದಾಳೆ ಎಂಬ ಸುದ್ದಿ ಇಲ್ಲಿಗೂ ಬಂದಿದೆ, ಅವರಿಗೆ ತಲೆ ಎತ್ತಲಾಗುತ್ತಿಲ್ಲ. ಫೀಫಿಯ ಕುಡಿತವೂ ಅವರಿಗೆ ಸಾಕಾಗಿದೆ. ಒಂದು ದಾರಿ ಹೇಳಿದ್ದಾರೆ. ಅಮ್ಮ ಊರಿಗೆ ಬರಬೇಕು. ಅಂಗಳದಲ್ಲಿ ಎಲ್ಲರ ಎದುರು, ತನ್ನ ಅಜ್ಜಿಯ ಕೆನ್ನೆಯ ಗೆರೆಗಳು ಅವಳು ಮಗುವಾಗಿದ್ದಾಗ ಸೆಳವಿನ ಕಾಯಿಲೆಗೆ ಮದ್ದೆಂದು ಕೊಯ್ಸಿದ್ದು, ಆ ಅಜ್ಜಿ ಈ ಮನೆಯಲ್ಲೇ ಹುಟ್ಟಿದವಳು ಎಂದು ಹೇಳಬೇಕು. ಮೆನ್ಸಿಮಾ ತಪ್ಪೊಪ್ಪಿಕೊಳ್ಳುತ್ತಾಳೆ. ಮಾತು ಅಲ್ಲಿಗೆ ಮುಗಿಯುತ್ತದೆ. ಯಜಮಾನಿಕೆ ನನಗೆ.

ಎರಡೇ ವಾಕ್ಯ, ಎಕುವಾ. ನನಗೆ ಮೂವರು ಹೆಣ್ಣುಮಕ್ಕಳು. ನಾಳೆ ಅವರನ್ನೂ ಯಾರಾದರೂ ಹೆಣದ ಹತ್ತಿರದಿಂದ ಸರಿಸಿಯಾರು. ನನ್ನ ಜಾಗದಲ್ಲಿ ನಿಂತು ನೋಡು. ನಾನು ಕೆಟ್ಟವನಲ್ಲ.

ಅಮ್ಮನಿಗೆ ಏನಾದರೂ ಆಗಿಬಿಟ್ಟರೆ, ದೇವರು ಹಾಗೆ ಮಾಡದಿರಲಿ, ಅಲ್ಲಿ ಮಣ್ಣು ಮಾಡಬೇಡ. ಟಮಾಲೆಯ ಆಸ್ಪತ್ರೆಯಲ್ಲಿ ಇರಿಸು, ನಾನು ವಾಹನ ತರುತ್ತೇನೆ. ಮನೆತನದ ಮರ್ಯಾದೆಯಿಂದ, ಡೋಲು ಬಡಿಸಿ, ಇಡೀ ಊರು ಕೂಡಿ ಕಳಿಸಿಕೊಡುತ್ತೇವೆ ಎಂದು ಹಿರಿಯರು ಮಾತು ಕೊಟ್ಟಿದ್ದಾರೆ. ಹೆಣ ಹೊರಗೆ ಉಳಿದರೆ ಮೆನ್ಸಿಮಾ ಹೇಳಿದ್ದೇ ನಿಜವೆಂದು ಆಗುತ್ತದೆ.

ಕಾಲು ಹಿಡಿಯುತ್ತೇನೆ ತಂಗಿ.

ನಿನ್ನ ಅಣ್ಣ
ಎಬೊ

*

ಸಲಗಾ
26 ಸೆಪ್ಟೆಂಬರ್ 1999

ಅಣ್ಣ,

ನಿನ್ನ ಪತ್ರ ಹತ್ತೊಂಬತ್ತನೆಯ ತಾರೀಖು ಭಾನುವಾರ ಕೈಗೆ ಬಂತು. ಅಮ್ಮನಿಗೆ ಎಚ್ಚರವಿತ್ತು. ಪೂರ್ತಿ ಓದಿ ಹೇಳಿದೆ, ಒಂದು ಸಾಲನ್ನೂ ಮುಚ್ಚಿಡಲಿಲ್ಲ. ಮಾವನ ವಿಷಯ ಕೇಳಿ ಅತ್ತಳು. ಮಿಕ್ಕದ್ದನ್ನು ಕಣ್ಣು ಮುಚ್ಚಿಕೊಂಡು ಕೇಳಿದಳು.

"ಎಬೊ ಏನು ಹೇಳಬೇಕೋ ಹೇಳ್ಕೊಳ್ಳಲಿ" ಎಂದಳು. "ಅವನು ಆ ಮನೇಲಿ ಬದುಕಬೇಕಾದವನು. ನನ್ನ ಅಜ್ಜಿ ಅಲ್ಲೇ ಹುಟ್ಟಿದಳು ಅನ್ನಲಿ, ಆಕಾಶದಿಂದ ಬಿದ್ದಳು ಅನ್ನಲಿ. ನಾನು ಮಾತ್ರ ಅನ್ನಲ್ಲ. ಆ ಮುಖಾನ ನಾನು ಮುಟ್ಟಿದೀನಿ."

"ಮತ್ತೆ ಊರಿಗೆ, ಅಮ್ಮ?"

"ನಂಗೆ ಸುಸ್ತಾಗಿದೆ ಕಣೇ. ಅಲ್ಲಿಗೆ ಹೋದ್ರೆ ಮತ್ತೆ ಎದ್ದು ಕೆಲಸ ಮಾಡಬೇಕು ಅನ್ಸತ್ತೆ."

ಮಂಗಳವಾರ ಬೆಳಿಗ್ಗೆ, ಸನಾತು ಗಂಜಿ ಕುಡಿಸುತ್ತಿರುವಾಗ, ಹೋಗಿಬಿಟ್ಟಳು. ಅವಳ ತಲೆ ಸನಾತುವಿನ ತೊಡೆಯ ಮೇಲಿತ್ತು.

ಟಮಾಲೆಗೆ ಹೋಗುವ ಲಾರಿ ಎದುರಿನ ಅಂಗಡಿಯ ಮುಂದೆ ನಿಂತಿತ್ತು. ಡ್ರೈವರ್ ಚಹಾ ಕುಡಿಯುತ್ತಿದ್ದ. ನಾನು ಹೊಸ್ತಿಲಲ್ಲಿ ನಿಂತು ನೋಡಿದೆ. ನಿನ್ನ ಮೂವರು ಹೆಣ್ಣುಮಕ್ಕಳ ಮುಖ ನೆನಪಾಯಿತು. ನಿನಗಾಗಿ ಒಂದು ಕೈ ಎತ್ತಿದ್ದರೆ ಸಾಕಿತ್ತು. ಅವನು ಲೋಟ ತೊಳೆದು ಇಟ್ಟು, ಲಾರಿ ಹತ್ತಿ ಹೊರಟುಹೋದ. ನಾನು ಕೈ ಎತ್ತಲಿಲ್ಲ.

ಮೈ ತೊಳೆಯಲು ಸನಾತುವಿನ ಓಣಿಯ ಹೆಂಗಸರೆಲ್ಲ ಬಂದರು. ಮಿಷನ್ ಚರ್ಚಿನ ಪಾದ್ರಿ ಪ್ರಾರ್ಥನೆ ಓದಿದರು. ಆದರೆ ಹೂಳಲು ನೆಲ ಕೊಡಬೇಕಾದವನು ಊರಿನ ಭೂಮಿಯ ಹಿರಿಯ, ತೊಂಬತ್ತರ ಹತ್ತಿರದ ಮುದುಕ. ಕೋಲೂರಿಕೊಂಡು ಬಂದು ಹೆಣದ ಪಕ್ಕದಲ್ಲಿ ನಿಂತ. ಗೈಡ್ ಇಸ್ಸಹಾಕು ನನ್ನ ಬೆನ್ನ ಹಿಂದೆ ನಿಂತು ಒಂದೊಂದು ಮಾತನ್ನೂ ಇಂಗ್ಲಿಷಿನಲ್ಲಿ ಪಿಸುಗುಟ್ಟುತ್ತಾ ಹೋದ. ಅವನು ಹೇಳಿದಂತೆಯೇ ಬರೆಯುತ್ತೇನೆ.

"ಯಾರ ಕಡೆಯವಳು ಇವಳು?" ಎಂದು ಮುದುಕ ಕೇಳಿದ. "ಯಾರ ಕಡೆಯವಳು ಅಂತ ಗೊತ್ತಿಲ್ಲದೆ ಮಣ್ಣಿಗೆ ನಾನು ಏನಂತ ಹೇಳಿ ಒಪ್ಪಿಸ್ಲಿ?"

ನಾಲ್ಕು ಊರಿನ ಹೆಸರು ಹೇಳಬಲ್ಲೆ, ಒಂದೂ ನಮ್ಮದಲ್ಲ.

ಸನಾತು ಕೈ ಒರೆಸಿಕೊಂಡು ಎದ್ದಳು. "ನಮ್ಮ ಕಡೆಯವಳು. ನನ್ನ ಅಜ್ಜಿಯ ತಂಗಿಯ ಮೊಮ್ಮಗಳು."

"ಸನಾತು, ನಿನ್ನ ಅಜ್ಜೀನ ನಾನು ಕಂಡವನು. ಅವಳಿಗೆ ತಂಗಿ ಇರ್ಲಿಲ್ಲ."

"ಇದ್ದಳು. ಹಿಡ್ಕೊಂಡು ಹೋಗಿದ್ರು. ಅದಕ್ಕೇ ನೀವು ನೋಡಿಲ್ಲ."

ಮುದುಕ ಬಹಳ ಹೊತ್ತು ಸನಾತುವನ್ನು ನೋಡುತ್ತಾ ನಿಂತ. ಆಮೇಲೆ ಅವನು ಕೋಲೆತ್ತಿ, ಸನಾತುವಿನ ಗಂಡನನ್ನು ಇಟ್ಟ ಕಡೆಗೆ, ನೆರಳಿನ ಜಾಗ ತೋರಿಸಿದ. ಗಂಡಸರು ಗುದ್ದಲಿ ಎತ್ತಿಕೊಂಡರು. ಹೊರಡುವವನು ತಿರುಗಿ, ಅದೇ ಕೋಲನ್ನು ನನ್ನ ಕಡೆ ಚಾಚಿದ.

"ಮತ್ತೆ ಇವಳು ಯಾರು?"

"ಇದೊಳ್ಳೆ ಚೆನ್ನಾಯ್ತು," ಎಂದಳು ಸನಾತು, "ಅವಳ ಮಗಳನ್ನ ಯಾರು ಅಂತ ಕೇಳ್ತಾರಾ?"

ನಿನ್ನ ತಂಗಿ
ಎಕುವಾ